ಗಂಟು ಹಾಕದ ದಾರ

ಮಾಸ್ಟರ್ ಒಂದು ಅಂಗಿಗೆ ಮೂರು ತೋಳು ಹೊಲಿದ ದಿನ ಕೂಡ ಕಾಜಮ್ಮ ಹೆದರಿರಲಿಲ್ಲ. ಮೂರನೆಯ ತೋಳು ಬಿಚ್ಚಿ, ಅದೇ ಬಟ್ಟೆಯಲ್ಲಿ ಒಳಜೇಬೊಂದನ್ನು ಮಾಡಿ ಕೂರಿಸಿ ಗಿರಾಕಿಗೆ ಕೊಟ್ಟಿದ್ದಳು. ಅವನು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡು, “ಒಳಜೇಬು ಬೇಕು ಅಂತ ನಾನು ಬಾಯಿಬಿಟ್ಟು ಹೇಳೇ ಇರಲಿಲ್ಲ. ಮನಸ್ಸಲ್ಲಿದ್ದದ್ದನ್ನ ಹೇಗೆ ಹಿಡಿದ್ರಿ ಮಾಸ್ಟ್ರೇ?” ಎಂದು ಕೈಮುಗಿದು ಹೋದ. ಹೋದವನು ಸುಮ್ಮನಿರದೆ ಇನ್ನಿಬ್ಬರನ್ನು ಕಳಿಸಿದ.

ಅವಳಿಗೆ ಬೇರೆ ಹೆಸರೇನೋ ಇತ್ತು. ನಲವತ್ತೆರಡು ವರ್ಷದಿಂದ ಗಂಡ, ಅಂದರೆ ಟೈಲರ್ ಮಾಸ್ಟರ್, ಹೊಲಿದ ಅಂಗಿಗಳಿಗೆ ಗುಂಡಿ ಹಚ್ಚುತ್ತ, ಗುಂಡಿ ತೂರಲು ಕಾಜಾ ಮಾಡುತ್ತ ಬಂದದ್ದರಿಂದ ಬೀದಿಯವರು ಕಾಜಮ್ಮ ಅಂದರು. ಈಗ ಹುಟ್ಟಿದ ಹೆಸರಿಂದ ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಮಾಸ್ಟರಿಗೆ ಮರೆವು ಹಿಡಿದು ಮೂರು ವರ್ಷವಾಗಿತ್ತು. ಅದಕ್ಕೆ ಕಾಜಮ್ಮ ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದಳು. ಅಳತೆ ತೆಗೆಯುವಾಗ ಪಕ್ಕದಲ್ಲಿ ನಿಂತು ತಾನೂ ಕಣ್ಣಳತೆ ತೆಗೆಯುವುದು, ಕತ್ತರಿ ಹಾಕುವ ಮೊದಲು “ರೀ, ಇದು ಪ್ಯಾಂಟು” ಎಂದು ಮೆಲ್ಲಗೆ ಕಿವಿಯಲ್ಲಿ ಹೇಳುವುದು. ಹೇಳಿದ ಮೇಲೆ ಅವರ ಕೈ ತಪ್ಪುತ್ತಿರಲಿಲ್ಲ. ಕೆಲಸವಿಲ್ಲದಾಗಲೂ ಆ ಕೈ ಸುಮ್ಮನೆ ಇರುತ್ತಿರಲಿಲ್ಲ. ಒಮ್ಮೊಮ್ಮೆ ಮಾತಿನ ನಡುವೆಯೇ ಮಾತು ನಿಲ್ಲಿಸಿ, ಇಲ್ಲದ ದಾರದ ತುದಿಯನ್ನು ತುಟಿಯಲ್ಲಿ ಚಪ್ಪರಿಸಿ ಒದ್ದೆ ಮಾಡಿ, ಬೆರಳಲ್ಲಿ ಹೊಸೆದು, ಇಲ್ಲದ ಸೂಜಿಗೆ ಪೋಣಿಸುತ್ತ ಕೂತುಬಿಡುತ್ತಿದ್ದರು. ಆಗ ಕಾಜಮ್ಮ ಎದುರಿಗೆ ಸ್ಟೂಲು ಎಳೆದುಕೊಂಡು, ದಾರದ ಇನ್ನೊಂದು ತುದಿ ತಾನು ಹಿಡಿದುಕೊಳ್ಳುತ್ತಿದ್ದಳು. ಎಲ್ಲ ಮರೆತರೂ ಕೈ ಕಸುಬು ಮರೆಯಲಿಲ್ಲವಲ್ಲ ಎಂದು ಅವಳಿಗೆ ಹೆಮ್ಮೆ.

ಅವಳ ಭಯವೆಲ್ಲ ರಜೆಯ ದಿನದ್ದು. ಅಂಗಡಿ ತೆರೆಯದ ದಿನ ಮನೆಯಲ್ಲಿ ಮಾಸ್ಟರ್ ಬೆಳಗಿನಿಂದ ಸಂಜೆವರೆಗೆ ಅವಳಿಗೆ ಬಹಳ ಮರ್ಯಾದೆ ಕೊಡುತ್ತಿದ್ದರು. “ನೀವು ಕೂತ್ಕೊಳ್ಳಿ. ತಾವು ಯಾರ ಕಡೆಯವರು? ನಮ್ಮವಳು ಹೊರಗೆ ಹೋಗಿದ್ದಾಳೆ, ಬರ್ತಾಳೆ.” ಅಂಗಡಿಯಲ್ಲಿ ಕೈಗೊಂದು ಬಟ್ಟೆ ಬಂದರೆ ಸಾಕು, “ಏ, ಕಾಜಾ ಸಣ್ಣದಾಯ್ತು, ಗುಂಡಿ ನಿಮ್ಮಪ್ಪ ತೂರಿಸ್ತಾನಾ?” ಬೈಗುಳ ಇದ್ದಲ್ಲಿ ಅವಳು ಹೆಂಡತಿ, ಬಹುವಚನ ಬಂದಲ್ಲಿ ಅಪರಿಚಿತೆ. ಹೀಗಾಗಿ ಅಂಗಡಿ ಮುಚ್ಚುವ ಮಾತೆತ್ತಿದವರ ಮೇಲೆ ಕಾಜಮ್ಮ ಕತ್ತರಿ ಮಸೆಯುತ್ತಿದ್ದಳು.

ಮಾತೆತ್ತಿದವನು ಮಗನೇ. ಅವನು ಲಿಫ್ಟ್ ರಿಪೇರಿಯವನು. ದಿನವಿಡೀ ಮೇಲೆ ಕೆಳಗೆ ಓಡಾಡಿ ಓಡಾಡಿ ಅವನ ಸಿಟ್ಟೂ ಹಾಗೇ ಏರಿ ಇಳಿಯುತ್ತಿತ್ತು. ಈ ಸಲ ಅದು ಏರಿದ್ದು ಇಸ್ತ್ರಿಪೆಟ್ಟಿಗೆಯ ದೆಸೆಯಿಂದ. ಹೆಡ್‌ಮಾಸ್ತರ ಪ್ಯಾಂಟಿನ ಮೇಲೆ ಇಸ್ತ್ರಿ ಇಟ್ಟ ಮಾಸ್ಟರ್ ಹಾಗೇ ಕಲ್ಲಿನಂತೆ ನಿಂತುಬಿಟ್ಟರು. ಎಡಗೈ ಇಸ್ತ್ರಿಯ ಮೇಲೆ, ಬಲಗೈ ಗಾಳಿಯಲ್ಲಿ ದಾರ ಹೊಸೆಯುತ್ತ. ಹೊಗೆ ಎದ್ದು, ಎದುರಂಗಡಿಯವನು ಬಕೆಟ್ ನೀರು ತಂದು, ಪ್ಯಾಂಟಿನ ಹಿಂಭಾಗದಲ್ಲಿ ಇಸ್ತ್ರಿಪೆಟ್ಟಿಗೆಯ ಭಾವಚಿತ್ರ ಅಚ್ಚೊತ್ತಿದಂತೆ ಮೂಡಿದ ಮೇಲೆ ಅವರಿಗೆ ಎಚ್ಚರವಾಯಿತು. “ಯಾರು ಈ ಕೆಲಸ ಮಾಡಿದ್ದು? ನಾಚಿಕೆ ಆಗಬೇಕು,” ಎಂದು ಅವರೇ ಎಲ್ಲರನ್ನೂ ಬೈದರು.

“ಅಮ್ಮ, ಇವತ್ತು ಪ್ಯಾಂಟು, ನಾಳೆ ಅಂಗಡಿ, ನಾಡಿದ್ದು ನೀವಿಬ್ರು,” ಅಂದ ಮಗ. “ಬರೋ ಭಾನುವಾರ ಹಳೇ ಸಾಮಾನಿನವನು ಬರ್ತಾನೆ. ಮೆಷಿನ್ ಎತ್ಕೊಂಡು ಹೋಗ್ತಾನೆ. ಮುಗೀತು.”

“ಮೊದಲು ಡಾಕ್ಟರಿಗೆ ತೋರಿಸು. ಆಮೇಲೆ ಸಾಮಾನಿನವನಿಗೆ.”

ನರಗಳ ಡಾಕ್ಟರು ಒಬ್ಬ ಹೆಂಗಸು. ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ಬರೆಸುವ ಪರೀಕ್ಷೆ ಸೋಮವಾರ ಇಪ್ಪತ್ತು ನಿಮಿಷ ಮಾಡಿಸಿದರು. ಏನೂ ಸಿಗಲಿಲ್ಲ. ಆದರೂ ಅವರು ಕಾಗದ ಮಡಚದೆ ಕೇಳಿದರು: “ಒಂದು ಗಂಟೆ ಚೆನ್ನಾಗಿರ್ತಾರೆ, ಇನ್ನೊಂದು ಗಂಟೆ ಇಲ್ಲವೇ ಇಲ್ಲ ಅಂತೀರಲ್ಲ. ಮರೆವಿನ ಕಾಯಿಲೆ ಇರೋ ಕೆಲವರಿಗೆ ಮಿದುಳಲ್ಲಿ ಸದ್ದಿಲ್ಲದೆ ಫಿಟ್ಸ್ ಬಂದು ಹೋಗ್ತಿರುತ್ತೆ. ಮನೆಯವರಿಗೂ ಗೊತ್ತಾಗಲ್ಲ.”

“ಫಿಟ್ಸಾ?” ಕಾಜಮ್ಮ ನೊಂದುಕೊಂಡಳು. “ಬಿದ್ದಿಲ್ಲ, ನೊರೆ ಬಂದಿಲ್ಲ, ಕೈಕಾಲು ಸೆಟೆದಿಲ್ಲ. ಅಂಥ ಮನೆತನ ಅಲ್ಲ ಡಾಕ್ಟ್ರೇ.”

“ಬೀಳದೇ ಇರೋ ಫಿಟ್ಸೂ ಇದೆಯಮ್ಮ. ಕೈಯಲ್ಲಿ ಏನಾದ್ರೂ ಅರ್ಥವಿಲ್ಲದ ಚಲನೆ ನೋಡಿದ್ದೀರಾ?”

“ಅರ್ಥವಿಲ್ಲದ್ದು ಅವರ ಕೈಯಿಂದ ಇವತ್ತಿನವರೆಗೂ ಬಂದಿಲ್ಲ.”

“ಸುಮ್ಮಸುಮ್ಮನೆ ಬಾಯಿ ಚಪ್ಪರಿಸೋದು?”

“ಊಟ ಚೆನ್ನಾಗಿದ್ರೆ ಚಪ್ಪರಿಸ್ತಿದ್ರೇನೋ. ನನ್ನ ಅಡುಗೇಲಿ ಆ ಸಂದರ್ಭ ಬಂದಿಲ್ಲ ಅಂತಾರೆ.”

ಡಾಕ್ಟರು ನಕ್ಕು, ಗುರುವಾರ ಮತ್ತೆ ಬನ್ನಿ ಅಂದರು. ಈ ಸಲ ನಾಲ್ಕು ಗಂಟೆ ಹೊತ್ತು ಬರೆಸಬೇಕು, ನಡುವೆ ಒಂದು ನಿದ್ದೆ ಆಗಲೇಬೇಕು, ಇಂಥ ಕಳ್ಳ ಅಲೆಗಳು ಹೆಚ್ಚಾಗಿ ಹೊರಬರುವುದು ನಿದ್ದೆಯಲ್ಲೇ. ಮಗ ಮೆಟ್ಟಿಲಿಳಿಯುತ್ತ ಹೇಳಿದ: “ಇದೇ ಕೊನೇದು ಅಮ್ಮ. ಇದರಲ್ಲೂ ಏನೂ ಸಿಗದಿದ್ರೆ ಭಾನುವಾರ ಭಾನುವಾರವೇ.”

ಗುರುವಾರ ಹನ್ನೊಂದು ಗಂಟೆಗೆ ಮೂರನೇ ಮಹಡಿಯ ಸಣ್ಣ ಕೋಣೆಯಲ್ಲಿ ತಂತಿ ಅಂಟಿಸುವ ಹುಡುಗಿ ಕಾಯುತ್ತಿದ್ದಳು. ಒಂದು ಮಂಚ, ಗೋಡೆಯ ಮೂಲೆಯಲ್ಲಿ ಒಂದು ಕ್ಯಾಮೆರಾ; ಅಲೆ ಕಾಣುವ ಪರದೆ ಪಕ್ಕದ ಕೋಣೆಯಲ್ಲಿ. ಅವಳ ಕೈಯಲ್ಲಿ ಅಳತೆ ಟೇಪು! ತಂತಿ ಎಲ್ಲೆಲ್ಲಿ ಕೂರಬೇಕೆಂದು ತಲೆಯನ್ನು ಹಣೆಯಿಂದ ಹಿಂದಕ್ಕೆ, ಕಿವಿಯಿಂದ ಕಿವಿಗೆ ಅಳೆದು ಗುರುತು ಹಾಕುವುದು ಅವಳ ಕೆಲಸ.

“ತಾತ, ತಲೆ ಅಲ್ಲಾಡಿಸಬೇಡಿ.”

“ತಾತ ಅಲ್ಲ, ಮಾಸ್ಟರ್. ಟೇಪು ಹಿಡಿಯೋದು ಯಾರು ಹೇಳ್ಕೊಟ್ರು ನಿಂಗೆ?”

“ಕಾಲೇಜಲ್ಲಿ, ಮಾಸ್ಟ್ರೇ.”

“ಅದಕ್ಕೇ ಮತ್ತೆ. ಟೇಪು ಹೀಗೆ ಜೋತುಬಿದ್ರೆ ಅರ್ಧ ಇಂಚು ಕದ್ದುಹೋಗುತ್ತೆ. ಮೈಗೆ ಅಂಟಬೇಕು, ಹಿಸುಕಬಾರದು. ಕೊಡು ಇಲ್ಲಿ.”

ಅವಳು ಬೇಡ ಅನ್ನುವುದರೊಳಗೆ ಟೇಪು ಮಾಸ್ಟರ ಕುತ್ತಿಗೆಗೆ ಬಂದಾಗಿತ್ತು. ಅವಳನ್ನು ನಿಲ್ಲಿಸಿ, ಬೆನ್ನು ತಿರುಗಿಸಿ, ಭುಜದ ಅಳತೆ ತೆಗೆದರು. “ಬಲಭುಜ ಮುಕ್ಕಾಲು ಇಂಚು ಕೆಳಗಿದೆ. ದಿನಾ ಭಾರದ ಚೀಲ ಅದೇ ಕಡೆ ಹಾಕ್ತೀಯ. ನಿನ್ನ ಈ ಬಿಳಿ ಕೋಟು ಹೊಲಿದವನು ಎರಡೂ ಭುಜ ಒಂದೇ ಅಂತ ತಿಳಿದ ಪುಣ್ಯಾತ್ಮ, ಅದಕ್ಕೇ ಕಾಲರ್ ಎದ್ದು ಕೂತಿದೆ. ಬರ್ಕೊಳೇ!”

ಕೊನೆಯ ಮಾತು ಕಾಜಮ್ಮನಿಗೆ. ಅವಳು ಆಸ್ಪತ್ರೆಯ ಚೀಟಿಯ ಹಿಂದೆ ಬರೆದುಕೊಂಡಳು. ಹುಡುಗಿ ಬಾಗಿಲ ಹಿಂದೆ ತೂಗುಹಾಕಿದ್ದ ತನ್ನ ಚೀಲ ನೋಡಿದಳು, ಭುಜ ಮುಟ್ಟಿ ನೋಡಿಕೊಂಡಳು, “ನಂಗೇ ಗೊತ್ತಿರಲಿಲ್ಲ” ಅಂದಳು. ಆಮೇಲೆ ಮಾಸ್ಟರ ಮೇಲ್ವಿಚಾರಣೆಯಲ್ಲೇ ಮಾಸ್ಟರ ತಲೆ ಅಳೆದದ್ದಾಯಿತು. ಬಣ್ಣಬಣ್ಣದ ಇಪ್ಪತ್ತೊಂದು ತಂತಿ ಅಂಟಿಸಿ, ಮೇಲೆ ಜಾಲರಿ ಬಟ್ಟೆಯ ಟೋಪಿ ಎಳೆದದ್ದೂ ಆಯಿತು. ಕನ್ನಡಿಯಲ್ಲಿ ನೋಡಿಕೊಂಡು ಮಾಸ್ಟರ್, “ದಾರದ ಕೊನೆಗಳನ್ನ ಕತ್ತರಿಸೇ ಇಲ್ಲ. ಹೀಗೆ ಗಿರಾಕಿಗೆ ಕೊಡ್ತಾರಾ?” ಅಂದರು.

ಹುಡುಗಿ ಕಾಜಮ್ಮನ ಕೈಗೆ ವೈರಿನ ತುದಿಯಲ್ಲಿದ್ದ ಒಂದು ಗುಂಡಿ ಕೊಟ್ಟಳು. “ಅಮ್ಮಾ, ಮಾಸ್ಟ್ರು ಮಾತು ನಿಲ್ಲಿಸಿ ಎಲ್ಲೋ ಹೋದ ಹಾಗೆ, ಬೇರೆ ಥರ ಕಂಡ್ರೆ, ತಕ್ಷಣ ಇದನ್ನ ಒತ್ತಿ. ಪರದೆ ಮೇಲೆ ಆ ಜಾಗದಲ್ಲಿ ಗುರುತು ಬೀಳುತ್ತೆ.”

ಕಾಜಮ್ಮ ಗುಂಡಿಯನ್ನು ತಿರುಗಿಸಿ ನೋಡಿದಳು. “ತೂತೇ ಇಲ್ಲ ಇದಕ್ಕೆ.”

“ಹಚ್ಚೋದಲ್ಲಮ್ಮ, ಒತ್ತೋದು.”

ಇನ್ನು ನಿದ್ದೆ. ದೀಪ ಆರಿಸಿದರು. ಮಾಸ್ಟರ್ ಮಂಚದ ಮೇಲೆ ನೆಟ್ಟಗೆ ಮಲಗಿ, ಕಣ್ಣು ಅಗಲಿಸಿ ಛಾವಣಿ ನೋಡಿದರು. ಅರ್ಧ ಗಂಟೆ ಕಳೆಯಿತು, ಮುಕ್ಕಾಲು ಆಯಿತು. ಹುಡುಗಿ ಒಳಗೆ ಇಣುಕಿ, “ನಿದ್ದೆ ಬರ್ತಿಲ್ವಾ ಮಾಸ್ಟ್ರೇ?” ಅಂದರೆ, “ಇಷ್ಟು ನಿಶ್ಶಬ್ದದಲ್ಲಿ ಯಾರಿಗಮ್ಮ ನಿದ್ದೆ ಬರುತ್ತೆ? ಭಯ ಆಗುತ್ತೆ” ಅಂದರು.

ಕಾಜಮ್ಮನಿಗೆ ಆಗ ಹೊಳೆಯಿತು. ಮಾಸ್ಟರ್ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದದ್ದು ಕಟಿಂಗ್ ಟೇಬಲಿನ ಕೆಳಗೆ, ಚೂರುಬಟ್ಟೆಯ ರಾಶಿಯ ಮೇಲೆ, ತಲೆಯ ಮೇಲ್ಗಡೆ ಅವಳು ಮೆಷಿನ್ ತುಳಿಯುತ್ತಿರುವಾಗ. ಮೆಷಿನ್ ನಿಂತರೆ ಅವರಿಗೆ ಎಚ್ಚರ. ಫೋನು ತೆಗೆದಳು.

“ಮಗಾ, ಮೆಷಿನ್ ತಗೊಂಡು ಬಾ.”

“ಎಲ್ಲಿಗೆ?”

“ಆಸ್ಪತ್ರೆಗೆ. ಮೂರನೇ ಮಹಡಿ.”

“ಅಮ್ಮ, ಅಪ್ಪನ ಜೊತೆ ನಿನ್ನನ್ನೂ ಅಡ್ಮಿಟ್ ಮಾಡ್ಕೊಂಡ್ರಾ?”

“ತಲೆ ಮಾತ್ರ ಬಿಚ್ಕೊಂಡು ಬಾರೋ. ಸ್ಟ್ಯಾಂಡ್ ಬೇಡ. ಕೈಯಲ್ಲಿ ತಿರುಗಿಸೋ ಹಿಡಿ ಟೇಬಲಿನ ಡ್ರಾಯರಿನಲ್ಲಿದೆ. ಹೇಗೂ ಭಾನುವಾರ ಬಿಚ್ಚೋನಿದ್ದೆಯಲ್ಲ, ಮೂರು ದಿನ ಮುಂಚೆ ಬಿಚ್ಚು.”

ಮುಕ್ಕಾಲು ಗಂಟೆಯಲ್ಲಿ ಮಗ ಬಂದ. ಬಂದವನ ಮುಖ ಬೀಟ್ರೂಟಿನಂತಾಗಿತ್ತು. ಊರಿನ ಅರ್ಧ ಲಿಫ್ಟುಗಳನ್ನು ನಡೆಸುವವನು ಆಸ್ಪತ್ರೆಗೆ ಬಂದರೆ ಅಲ್ಲಿನ ಲಿಫ್ಟು ಕೆಟ್ಟು ನಿಂತಿತ್ತು. ಬೇರೆ ಕಂಪನಿಯದು, ಮುಟ್ಟುವಂತಿಲ್ಲ. ಮೆಷಿನ್ನಿನ ಕಬ್ಬಿಣದ ತಲೆಯನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತುವಾಗ ಕಾವಲುಗಾರ ಬೇರೆ ಅಡ್ಡ ನಿಂತಿದ್ದನಂತೆ.

“ಏನಯ್ಯಾ ಇದು?”

“ತಲೆ.”

“ಯಾರದ್ದು?”

“ಮೆಷಿನ್ನಿನದು. ನಮ್ಮಪ್ಪನ ತಲೆ ಪರೀಕ್ಷೆಗೆ ಈ ತಲೆ ಬೇಕಂತೆ.”

ಕಾವಲುಗಾರ ಅವನ ಮುಖ ನೋಡಿ, ನರಗಳ ವಿಭಾಗ ಮೂರನೇ ಮಹಡಿ ಎಂದು ಕೇಳದಿದ್ದರೂ ದಾರಿ ತೋರಿಸಿದನಂತೆ.

ಕೋಣೆಯ ಒಳಗೇ ಮೆಷಿನ್ ಇಟ್ಟು ಕಾಜಮ್ಮ ಹಿಡಿ ತಿರುಗಿಸಿದಳು. ಟಕಟಕಟಕ ಎಂದದ್ದೇ ತಡ, ಆಚೆಯಿಂದ ಹುಡುಗಿ ಕಿರುಚಿದಳು: “ನಿಲ್ಸಿ ಅಮ್ಮಾ! ಮಂಚ ಅಲ್ಲಾಡಿ ಪರದೆ ತುಂಬ ನಿಮ್ಮ ಹೊಲಿಗೆ ಬೀಳ್ತಿದೆ!” ಮೆಷಿನ್ ಹೊರಗೆ ಹೋಯಿತು. ಕಾರಿಡಾರಿನ ಬೆಂಚಿನ ಮೇಲೆ ಕಂಬಳಿ ಮಡಚಿ, ಅದರ ಮೇಲೆ ಮೆಷಿನ್ ಕೂರಿಸಿ, ಬಾಗಿಲು ಒಂದು ಗೇಣು ತೆರೆದಿಟ್ಟರು. ಮತ್ತೆ ತಿರುಗಿಸಿದಳು. ಈಗ ಪರದೆ ಶುಭ್ರ, ಸದ್ದು ಮಾತ್ರ ಒಳಗೆ.

ಬರೀ ಮೆಷಿನ್ ಎಷ್ಟು ಹೊತ್ತು ತಿರುಗಿಸುವುದು? ಕೈಗೆ ಬಟ್ಟೆ ಇಲ್ಲದೆ ಅವಳಿಗೂ ಕಸಿವಿಸಿ. ಮಗನ ಕರವಸ್ತ್ರ ಕಿತ್ತುಕೊಂಡು ಅಂಚು ಹೊಲಿದಳು. ಅಷ್ಟರಲ್ಲಿ ವಾರ್ಡಿನ ಆಯಾ ನಿಂತು ನೋಡಿ, “ಈ ಜೇಬು ಹರಿದು ತಿಂಗಳಾಯ್ತು ಅಕ್ಕಾ…” ಎಂದಳು. ಜೇಬಾಯಿತು. ನರ್ಸಮ್ಮನೊಬ್ಬಳ ಕೋಟಿನ ಅಂಚು ಬಿಟ್ಟಿತ್ತು. ಅದಾಯಿತು. ಸಲೈನ್ ಬಾಟಲಿಯ ಕಂಬ ತಳ್ಳಿಕೊಂಡು ಒಬ್ಬ ರೋಗಿ ಬಂದ. “ತಾಯೀ, ಮೂರು ದಿನದಿಂದ ಒಂದು ಕೈಯಲ್ಲಿ ಈ ಕಂಬ, ಇನ್ನೊಂದು ಕೈಯಲ್ಲಿ ಪೈಜಾಮ ಹಿಡ್ಕೊಂಡೇ ಓಡಾಡ್ತಿದ್ದೀನಿ. ಕೆಮ್ಮು ಬಂದ್ರೆ ಬಾಯಿಗೆ ಅಡ್ಡ ಹಿಡಿಯೋಕೆ ಮೂರನೇ ಕೈ ಇಲ್ಲ.” ಕಾಜಮ್ಮ ಅವನನ್ನು ಹತ್ತಿರ ನಿಲ್ಲಿಸಿ, ಸೊಂಟದಲ್ಲಿ ಎರಡು ಮಡಿಕೆ ಹಿಡಿದು, ನಿಂತಲ್ಲೇ ಕೈಹೊಲಿಗೆ ಹಾಕಿದಳು. ಅವನು ಎರಡೂ ಕೈ ಬಿಟ್ಟು, ಪೈಜಾಮ ಬೀಳದ್ದನ್ನು ಕಂಡು ಕಣ್ಣು ಒರೆಸಿಕೊಂಡ. ಮಗನಿಗೆ ಸಾಲು ನಿಭಾಯಿಸುವ ಕೆಲಸ ಬಂತು. “ಒಬ್ಬೊಬ್ರಾಗಿ, ಒಬ್ಬೊಬ್ರಾಗಿ, ತುರ್ತು ಇರೋರು ಮುಂದೆ ಬನ್ನಿ” ಎಂದು ಕೈ ಚಾಚಿ ನಿಂತಿದ್ದ.

ಒಳಗೆ ಮಾಸ್ಟರ್ ಗೊರಕೆ ಹೊಡೆಯುತ್ತಿದ್ದರು.

ಐವತ್ತು ನಿಮಿಷದ ಮೇಲೆ ದಾರದ ಉಂಡೆ ಮುಗಿದು ಮೆಷಿನ್ ನಿಂತಿತು, ಅವರಿಗೆ ಎಚ್ಚರವಾಯಿತು. ಕಾಜಮ್ಮ ಒಳಗೆ ಬಂದಳು. ಮಾಸ್ಟರ್ ಎದ್ದು ಕೂತಿದ್ದರು. “ರೀ, ಚೆನ್ನಾಗಿ ನಿದ್ದೆ ಬಂತಾ?” ಅಂದಳು. “ಬಂತು. ಆ ಪೈಜಾಮದವನದು…” ಎಂದು ಶುರು ಮಾಡಿದವರು ನಿಲ್ಲಿಸಿದರು. ತುಟಿ ಚಪ್ಪರಿಸಿದರು. ಬಲಗೈ ಬೆರಳು ದಾರ ಹೊಸೆಯತೊಡಗಿತು.

ಕಾಜಮ್ಮನಿಗೆ ಸಮಾಧಾನವಾಯಿತು. ಪಾಪ, ತಲೆ ಮೇಲೆ ಇಪ್ಪತ್ತೊಂದು ತಂತಿ ಹೊತ್ತರೂ ಕಸುಬು ಬಿಡಲಿಲ್ಲ. ತೂತಿಲ್ಲದ ಗುಂಡಿಯನ್ನು ಪಕ್ಕಕ್ಕಿಟ್ಟು, ಎದುರಿಗೆ ಕೂತು, ಎಂದಿನಂತೆ ದಾರದ ಇನ್ನೊಂದು ತುದಿ ಹಿಡಿದುಕೊಂಡಳು.

ಬಾಗಿಲು ದಡಾರನೆ ತೆರೆಯಿತು. ತಂತಿ ಹುಡುಗಿ ಓಡಿಬಂದು ಮಾಸ್ಟರ ಮುಖದ ಮುಂದೆ ಬಾಗಿದಳು. “ಮಾಸ್ಟ್ರೇ! ನಿಮ್ಮ ಹೆಸರೇನು? ಇದೇನು ಹೇಳಿ? ನನ್ನ ಕೈಯಲ್ಲಿ ಏನಿದೆ?” ಟೇಪು ಆಡಿಸಿದಳು. ಮಾಸ್ಟರ ಕಣ್ಣು ಟೇಪಿನ ಆಚೆ ಎಲ್ಲೋ ಇತ್ತು. ಟೇಪು ಕಂಡೂ ಕಾಣದ ಮಾಸ್ಟರನ್ನು ಕಾಜಮ್ಮ ಅಂದೇ ಮೊದಲು ನೋಡಿದ್ದು.

“ಅಮ್ಮಾ, ಗುಂಡಿ ಯಾಕೆ ಒತ್ತಲಿಲ್ಲ?”

“ಯಾಕೆ ಒತ್ತಬೇಕು? ಸೂಜಿ ಪೋಣಿಸ್ತಿದ್ದಾರೆ.”

“ಪರದೆ ಮೇಲೆ ಬಿರುಗಾಳಿ ಎದ್ದಿದೆ ಅಮ್ಮಾ! ನಿದ್ದೇಲೂ ಆಗಾಗ ಕಾಣಿಸ್ತು, ಈಗ ಪೂರ್ತಿ ಬಂದಿದೆ.”

ಒಂದೂಕಾಲು ನಿಮಿಷ. ಆಮೇಲೆ ಮಾಸ್ಟರ್ ಉಸಿರು ಬಿಟ್ಟು, ಸುತ್ತ ನೋಡಿ, ಕಾಜಮ್ಮನಿಗೆ ಬಹಳ ವಿನಯದಿಂದ ಹೇಳಿದರು: “ನೀವು ಯಾಕೆ ನಿಂತಿದ್ದೀರಿ? ಕೂತ್ಕೊಳ್ಳಿ.” ಅವಳು ಕೂತೇ ಇದ್ದಳು.

ಡಾಕ್ಟರು ಬಂದು ಪರದೆಯಲ್ಲಿ ಅಲೆ ತೋರಿಸಿದರು. ಇಲ್ಲಿವರೆಗೆ ಸಪಾಟು ಹೊಲಿಗೆ, ಇಲ್ಲಿಂದ ಎದ್ದ ಮುಳ್ಳುಗಳು, ಇಲ್ಲಿ ನಿಂತದ್ದು. ಮಗ ತಲೆಯಾಡಿಸಿದ. ಕಾಜಮ್ಮ ಒಪ್ಪಲಿಲ್ಲ.

“ನಿಮ್ಮ ಗೆರೆ ನಂಗೆ ಓದೋಕೆ ಬರಲ್ಲ ಡಾಕ್ಟ್ರೇ. ಆ ಕೈ ಓದೋಕೆ ಬರುತ್ತೆ. ನಲವತ್ತೆರಡು ವರ್ಷ ಪಕ್ಕದಲ್ಲಿ ಕೂತಿದ್ದೀನಿ. ಅದು ಕಾಯಿಲೆ ಅಲ್ಲ, ಕೆಲಸ.”

“ಸರಿ, ಕೈಯನ್ನೇ ನೋಡೋಣ,” ಅಂದರು ಡಾಕ್ಟರು. ಗೋಡೆಯ ಕ್ಯಾಮೆರಾ ಹಿಡಿದದ್ದನ್ನು ಹಾಕಿದರು.

ಕಾಜಮ್ಮ ಕನ್ನಡಕ ಏರಿಸಿ, ಹೊಸಬನ ಹೊಲಿಗೆ ಪರೀಕ್ಷಿಸುವವಳಂತೆ ಮುಂದೆ ಬಾಗಿದಳು. ಪರದೆಯಲ್ಲಿ ಮಾಸ್ಟರ್ ತುಟಿ ಚಪ್ಪರಿಸಿದರು. ಸರಿ, ದಾರ ಒದ್ದೆ ಆಯಿತು. ಬೆರಳು ಹೊಸೆಯಿತು. ಸರಿ, ತುದಿ ಚೂಪಾಯಿತು. ಮತ್ತೆ ಚಪ್ಪರಿಸಿದರು. ಮತ್ತೆ ಹೊಸೆದರು. ಮತ್ತೆ. ಎದುರಿಗೆ ಅವಳೇ, ಪೆದ್ದಿಯ ಹಾಗೆ, ಗಾಳಿಯನ್ನು ಹಿಡಿದು ನಗುತ್ತ ಕೂತಿದ್ದಳು.

“ಇನ್ನೊಂದು ಸಲ ಹಾಕಿ.”

ಹಾಕಿದರು.

“ಇನ್ನೊಂದು ಸಲ.”

ಮೂರನೆಯ ಸಲ ಮುಗಿದಾಗ ಅವಳು ಕನ್ನಡಕ ತೆಗೆದಳು. “ಗಂಟು ಹಾಕಲಿಲ್ಲ,” ಅಂದಳು.

“ಏನಮ್ಮ?” ಅಂದ ಮಗ.

“ಸೂಜಿ ಪೋಣಿಸಿದ ಮೇಲೆ ದಾರದ ಕೊನೆಗೆ ಗಂಟು ಹಾಕ್ಬೇಕು. ಗಂಟಿಲ್ಲದೆ ಎಳೆದ್ರೆ ದಾರ ಪೂರ್ತಿ ಆಚೆ ಬಂದುಬಿಡುತ್ತೆ. ಕಸುಬು ಕಲಿಯೋಕೆ ಬಂದ ಮೊದಲ ದಿನ ನಿಮ್ಮಪ್ಪ ನಂಗೆ ಬೈದದ್ದು ಇದಕ್ಕೇ. ಈ ಮೂರು ವರ್ಷದಲ್ಲಿ ಒಂದು ದಿನವೂ, ಒಂದೇ ಒಂದು ದಿನವೂ, ಗಾಳಿಯಲ್ಲಿ ಪೋಣಿಸಿದ ದಾರಕ್ಕೆ ಅವರು ಗಂಟು ಹಾಕಲಿಲ್ಲ. ನಾನು ಎದುರಿಗೇ ಕೂತು ಇನ್ನೊಂದು ತುದಿ ಹಿಡ್ಕೊಂಡಿದ್ದೆ. ಆ ತುದೀಲಿ ಗಂಟು ಇರಬೇಕಿತ್ತಲ್ಲ!” ಅವಳು ಡಾಕ್ಟರ ಕಡೆ ತಿರುಗಿದಳು. “ಕೂಸನ್ನ ಕಂಕುಳಲ್ಲಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು. ಡಾಕ್ಟ್ರೇ, ಅದು ಕೆಲಸ ಅಲ್ಲ. ಮಾಸ್ಟರ್ ಹಾಗೆ ಹೊಲಿಯಲ್ಲ.”

ಮಗ ಅವಳ ಭುಜದ ಮೇಲೆ ಕೈಯಿಟ್ಟ. ಇನ್ನೊಂದು ಕೈಯಿಂದ ತನ್ನ ಸೊಂಟ ಹಿಡಿದುಕೊಂಡಿದ್ದ, ಮೂರು ಮಹಡಿ ಅಲ್ಲಿ ಮಾತಾಡುತ್ತಿತ್ತು.

ಡಾಕ್ಟರು ಸಣ್ಣ ಪ್ರಮಾಣದಲ್ಲಿ ಮಾತ್ರೆ ಬರೆದರು. ಬರೆದು, ಪೆನ್ನು ಕೆಳಗಿಟ್ಟು ಹೇಳಿದರು: “ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ. ಮರೆವು ಮರೆವೇ. ಅದು ವಾಪಸ್ ಹೋಗಲ್ಲ. ಆದ್ರೆ ಮರೆವಿನ ಮೇಲೆ ಇವನೊಬ್ಬ ಬೇರೆ ಕಳ್ಳ ಸೇರ್ಕೊಂಡಿದ್ದ. ಇವನನ್ನ ಹಿಡಿದ್ರೆ ಅವರ ಒಳ್ಳೇ ಗಂಟೆಗಳು ಒಳ್ಳೇದಾಗೇ ಉಳಿಯಬಹುದು. ಎಷ್ಟು ಅಂತ ಮಾತು ಕೊಡಲ್ಲ.”

“ಅಂಗಡಿ?” ಕಾಜಮ್ಮ ಕೇಳಿದಳು. ಕೇಳಿದ್ದು ಡಾಕ್ಟರನ್ನು, ನೋಡಿದ್ದು ಮಗನನ್ನು.

“ಇಸ್ತ್ರಿ, ಕತ್ತರಿ, ಮೆಷಿನ್ ನಿಮ್ಮ ಕೈಗೆ. ಸೂಜಿ ದಾರ ಅವರ ಕೈಗೆ. ಎರಡು ತಿಂಗಳು ನೋಡೋಣ. ಬರೀ ಮನೇಲಿ ಕೂರಿಸೋದಕ್ಕಿಂತ ಅದೇ ಒಳ್ಳೇದು.”

ಭಾನುವಾರ ಹಳೇ ಸಾಮಾನಿನವನು ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ. ಮಗ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕುರ್ಚಿಯಲ್ಲಿ ಕೂತಿದ್ದವನು ಕೂತಲ್ಲಿಂದಲೇ ಕೈ ಬೀಸಿದ. “ಹೋಗಯ್ಯಾ. ಅದನ್ನ ಎತ್ತಿದ ಮನುಷ್ಯ ನಾನು. ಆ ಮೆಷಿನ್ ಅಲ್ಲಿಂದ ಅಲ್ಲಾಡಲ್ಲ, ನಾನೂ ಅಲ್ಲಾಡೋ ಸ್ಥಿತೀಲಿಲ್ಲ. ಎರಡು ತಿಂಗಳು ಬಿಟ್ಟು ಬಾ.” ಸಾಮಾನಿನವನು ಹೋಗುವ ಮುನ್ನ ತನ್ನ ಅಂಗಿಯ ಹರಿದ ತೋಳು ತೋರಿಸಿ, “ಇದೊಂದು ಆಗುತ್ತಾ ಅಮ್ಮಾ?” ಅಂದ. ಆಯಿತು.

ಮೊದಲ ವಾರ ಮಾಸ್ಟರ್ ಮಾತ್ರೆಯ ಮಂಪರಿನಲ್ಲಿ ಮೆಷಿನ್ ಸದ್ದಿಲ್ಲದೆಯೂ ಮಲಗಿದರು. ಕಾಜಮ್ಮ ಡಾಕ್ಟರಿಗೆ ಫೋನು ಮಾಡಿದಳು. ಡಾಕ್ಟರು ಪ್ರಮಾಣ ಇಳಿಸಿದರು. ಮೂರನೇ ವಾರ ಗಾಳಿಯ ದಾರ ಎರಡು ಸಲ ಬಂತು. ಅವಳು ಈಗ ತುದಿ ಹಿಡಿಯಲಿಲ್ಲ. ಗೋಡೆಯ ಗಡಿಯಾರ ನೋಡಿ ಹೊತ್ತು ಎಣಿಸಿ, ಅಳತೆ ಪುಸ್ತಕದಲ್ಲಿ ಯಾರದೋ ಸೊಂಟದಳತೆಯ ಪಕ್ಕ ಬರೆದಿಟ್ಟಳು. ನಾಲ್ಕನೇ ವಾರ ಒಂದು ಸಲ. ಆಮೇಲಿನ ವಾರಗಳ ಪುಟದಲ್ಲಿ ಬರೀ ಸೊಂಟದಳತೆಗಳಿದ್ದವು. ಮಾಸ್ಟರ್ ಎದುರಂಗಡಿಯವನ ಹೆಸರು ಈಗಲೂ ಮರೆಯುತ್ತಿದ್ದರು, ಮಗನನ್ನು ನೋಡಿ “ಲಿಫ್ಟು ಸರಿ ಆಯ್ತಾ?” ಎಂದು ಹೋದ ಸಲ ಕೇಳಿದ್ದನ್ನೇ ಕೇಳುತ್ತಿದ್ದರು. ಮಗ ಪ್ರತಿಸಲವೂ “ಆಯ್ತಪ್ಪ” ಅನ್ನುತ್ತಿದ್ದ.

ಏಳನೇ ವಾರ ತಂತಿ ಹುಡುಗಿಯ ಬಿಳಿ ಕೋಟು ಮಾಸ್ಟರ ತೊಡೆಯ ಮೇಲಿತ್ತು. ಚೀಟಿಯ ಹಿಂದಿನ ಅಳತೆ ನೋಡಿ ಕಾಜಮ್ಮನೇ ಕತ್ತರಿಸಿ, ಮೆಷಿನ್ ಹೊಲಿಗೆ ಮುಗಿಸಿದ್ದಳು. ಬಲಭುಜ ಮುಕ್ಕಾಲು ಇಂಚು ಇಳಿಸಿದ್ದಳು. ಇನ್ನು ಕಾಲರಿನ ಒಳ ಕೈಹೊಲಿಗೆ ಮಾಸ್ಟರದ್ದು. ಕೋಟು ಯಾರದೆಂದು ಅವರಿಗೆ ನೆನಪಿರಲಿಲ್ಲ. “ಭಾರದ ಚೀಲ ಹಾಕೋ ಮನುಷ್ಯನದು” ಎಂದು ಮಾತ್ರ ಕೋಟು ನೋಡಿಯೇ ಹೇಳಿದ್ದರು.

ಹೇಳುತ್ತ ಹೇಳುತ್ತ ಮಾತು ನಿಲ್ಲಿಸಿದರು. ತುಟಿ ಚಪ್ಪರಿಸಿದರು. ಬಲಗೈ ಮೇಲೆದ್ದಿತು, ಬೆರಳು ಹೊಸೆಯಿತು.

ಕಾಜಮ್ಮ ತಲೆಯೆತ್ತಿದಳು. ಅವಳು ಕೂತಿದ್ದ ಜಾಗದಿಂದ, ಬೆಳಕಿಗೆ ಎದುರಾಗಿ, ಆ ಕೈಯಲ್ಲಿ ದಾರ ಇದೆಯೋ ಇಲ್ಲವೋ ಕಾಣುತ್ತಿರಲಿಲ್ಲ. ಅವಳ ಕಣ್ಣು ಗಡಿಯಾರಕ್ಕೆ ಹೋಗಿ ಬಂತು. ಐದು. ಹತ್ತು. ಮಾಡುತ್ತಿದ್ದ ಕಾಜಾ ಕೈಯಲ್ಲೇ ನಿಂತಿತು. ಹದಿನೈದು. ಮಾಸ್ಟರ್ ಕೈ ಕೆಳಗಿಳಿಸಿ, ತೋರುಬೆರಳಿಗೆ ಏನನ್ನೋ ಸುತ್ತಿ, ಹೆಬ್ಬೆರಳಲ್ಲಿ ಉರುಳಿಸಿ, ಕೆಳಕ್ಕೆ ಎಳೆದರು. ದಾರದ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗಂಟು.

“ಏನೇ, ಬಾಯಿ ಬಿಟ್ಕೊಂಡು ಹಾಗೆ ನೋಡ್ತಿದ್ದೀಯ?” ಮಾಸ್ಟರ್ ಗದರಿದರು. “ಗಂಟು ಹಾಕೋದು ನೋಡಿಲ್ವಾ? ಮೊದಲು ನಿನ್ನ ಕಾಜಾ ನೋಡ್ಕೋ. ಸೊಟ್ಟಗಿದೆ.”

ಕಾಜಮ್ಮ ನೋಡಿದಳು. ನಿಜವಾಗಿಯೂ ಸೊಟ್ಟಗಿತ್ತು. ತಲೆ ತಗ್ಗಿಸಿ ಅದನ್ನು ಬಿಚ್ಚಿದಳು. ಮತ್ತೆ ಹೊಲಿಯುವಾಗ, ಇನ್ನೊಂದು ಸಲ ಬೈಸಿಕೊಳ್ಳುವ ಆಸೆಗೆ, ಅದನ್ನೂ ಒಂದು ಎಳೆಯಷ್ಟು ಸೊಟ್ಟಗೇ ಹೊಲಿದಳು.